ಗಡಿ ಗೊತ್ತಿದ್ದವರ ಕೇರಿಗೆ ನಕ್ಷೆಯಲ್ಲಿ ಹೆಸರಿಲ್ಲ

ಉದ್ದದ ಪೋಸ್ಟು, ಬಿಡುವಾದಾಗ ಓದಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಸಂಗಾತಿಗಳು ಮಾತ್ರ ದಯವಿಟ್ಟು ಪೂರ್ತಿ ಓದಿ. ನಿಮ್ಮಿಂದ ಒಂದು ಕೆಲಸ ಆಗಬೇಕಿದೆ.

ಮುಳಬಾಗಿಲು ಕಡೆಯ ಒಬ್ಬ ಹುಡುಗ ಹೋದ ತಿಂಗಳು ಫೋನ್ ಮಾಡಿದ್ದ. ಡಿಗ್ರಿ ಕೊನೇ ವರ್ಷ. "ಅಣ್ಣಾ, ಫೋನಿನ ಮ್ಯಾಪಲ್ಲಿ ನಮ್ಮೂರು ನೋಡ್ತಿದ್ದೆ. ಗುಡಿ ಇದೆ, ಹಾಲಿನ ಡೈರಿ ಇದೆ, ಯಾರದೋ ಮಾವಿನ ತೋಟಕ್ಕೂ ಹೆಸರಿದೆ. ನಮ್ಮ ಕೇರಿಗಿಲ್ಲ. ಮನೆ ಸೂರುಗಳೇನೋ ಕಾಣ್ತವೆ, ಹೆಸರೇ ಇಲ್ಲ" ಅಂದ. ನಮ್ಮೂರಲ್ಲೂ ಅಷ್ಟೇ ಕಣಪ್ಪ ಅಂತ ಹೇಳಿ ಫೋನ್ ಇಟ್ಟೆ. ಆದರೆ ಅವನು ಕೇಳಿದ್ದು ತಲೆಯಿಂದ ಹೋಗಲಿಲ್ಲ. ಮುಂದಿನ ಭಾನುವಾರ ಬಸ್ಸು ಹತ್ತಿ ಅವನ ಊರಿಗೇ ಹೋದೆ. ಆಮೇಲೆ ನಾವಿಬ್ಬರೂ ಸೇರಿ ಮಾಡಿದ್ದು, ಓದಿದ್ದು, ತಪ್ಪಾಗಿ ತಿಳ್ಕೊಂಡಿದ್ದು ಎಲ್ಲವನ್ನೂ ಇಲ್ಲಿ ಹೇಳ್ತಿದೀನಿ.

ಮೊದಲು ನನ್ನ ವಿಷಯ. ನಾನು ಶ್ರೀನಿವಾಸಪುರ ಕಡೆಯವನು. ನಮ್ಮ ತಾತ ಊರ ತೋಟಿ. ಸರ್ವೆಯವರು ಬಂದರೆ ಮೊದಲು ಕರೆ ಬರ್ತಿದ್ದದ್ದು ತಾತನಿಗೆ. ಬಾಂದುಕಲ್ಲು ಎಲ್ಲಿ ಮುಚ್ಚಿಹೋಗಿದೆ, ಯಾರ ಬದು ಯಾವಾಗ ಸರಿದಿದೆ, ಕೆರೆ ಅಂಗಳ ಎಲ್ಲಿಗೆ ಮುಗಿಯುತ್ತೆ, ಎಲ್ಲಾ ಅವರ ಬಾಯಲ್ಲೇ ಇತ್ತು. ಓದು ಬರಹ ಇಲ್ಲ. ಇದನ್ನ ನಮ್ಮ ತಾತನ ಹೊಗಳಿಕೆ ಅಂತ ತಿಳಿಬೇಡಿ. 1873ರಲ್ಲೇ ಮೆಕೆಂಜಿ ಅನ್ನೋ ಇಂಗ್ಲಿಷ್ ಅಧಿಕಾರಿ ಮೈಸೂರು ಸೀಮೆಯ ಹೊಲೆಯ ಕುಳವಾಡಿಗಳ ಬಗ್ಗೆ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಬರೆದಿದ್ದಾನೆ. ಎರಡು ಊರಿನ ಮಧ್ಯೆ ಗಡಿ ಜಗಳ ಬಂದರೆ ಆಣೆ ಮಾಡಿ ಗಡಿ ತೋರಿಸುವ ಅಧಿಕಾರ ಕುಳವಾಡಿಗೆ ಮಾತ್ರ. ಊರ ಮಣ್ಣಿನ ಉಂಡೆ ಮಾಡಿ, ಅದರ ನಡುವೆ ನೀರಿಟ್ಟು, ತಲೆ ಮೇಲೆ ಹೊತ್ತು ಅವನು ನಡೆದ ದಾರಿಯೇ ಗಡಿ. ಥರ್ಸ್ಟನ್ 1909ರಲ್ಲಿ ತನ್ನ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಇದನ್ನೇ ಮತ್ತೆ ಅಚ್ಚು ಮಾಡಿದ. ಎರಡೂ ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ, ಹುಡುಕಿ ಓದಿ.

ಅಂದರೆ ಊರಿನ ನಕ್ಷೆ ನಮ್ಮ ಅಜ್ಜಂದಿರ ತಲೆಯಲ್ಲಿತ್ತು. 1863ರಲ್ಲಿ ಮೈಸೂರಿನಲ್ಲಿ ಕಂದಾಯ ಸರ್ವೆ ಇಲಾಖೆ ಶುರುವಾದ ಮೇಲೆ ಸರಪಳಿ ಬಂತು, ಸರ್ವೆ ನಂಬರ್ ಬಂತು, ಹಾಳೆ ಮೇಲೆ ನಕ್ಷೆ ಬಂತು. ಕಂದಾಯ ಕಟ್ಟೋ ಹೊಲಕ್ಕೆ ನಂಬರ್ ಬಿತ್ತು. ಕಟ್ಟದ ಜಾಗ ಖರಾಬು. ಜನ ಇರೋ ಜಾಗ ಗ್ರಾಮಠಾಣ, ಅಷ್ಟೇ. ಅದರೊಳಗೆ ಯಾವುದು ಊರು ಯಾವುದು ಕೇರಿ ಅಂತ ಹೇಳುವ ಅಗತ್ಯ ಸರ್ಕಾರಕ್ಕಿರಲಿಲ್ಲ, ಕೇರಿಯವರು ಕಂದಾಯ ಕಟ್ಟುವವರಲ್ಲವಲ್ಲ.

ಇಲ್ಲಿಂದ ಈಗಿನ ಅಂಕಿಗೆ ಬರ್ತೀನಿ. 2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯ ಜನಸಂಖ್ಯೆ 15,36,401. ಪರಿಶಿಷ್ಟ ಜಾತಿಯವರು ಶೇ 30ಕ್ಕೂ ಸ್ವಲ್ಪ ಹೆಚ್ಚು. ರಾಜ್ಯದ ಸರಾಸರಿ ಶೇ 17. ಕರ್ನಾಟಕದ ಯಾವ ಜಿಲ್ಲೆಯಲ್ಲೂ ನಮ್ಮ ಪಾಲು ಇಷ್ಟು ದೊಡ್ಡದಿಲ್ಲ. ಭಾಷಣದಲ್ಲಿ ಎಲ್ಲರೂ ಹೇಳ್ತಾರೆ ಇದನ್ನ. ಕೋಲಾರ ಲೋಕಸಭೆ ಮೀಸಲು, ಮುಳಬಾಗಿಲು, ಕೆಜಿಎಫ್, ಬಂಗಾರಪೇಟೆ ವಿಧಾನಸಭೆ ಮೀಸಲು, ಅದನ್ನೂ ಹೇಳ್ತಾರೆ. ಆದರೆ ಈ ಮೂವತ್ತು ಜನ ಆ ನೂರರಲ್ಲಿ ಎಲ್ಲಿ ಕೂತಿದಾರೆ? ಅದನ್ನ ಈ ಅಂಕಿ ಹೇಳಲ್ಲ.

(ಒಂದು ಎಚ್ಚರಿಕೆ. 2001ರ ಕೋಲಾರಕ್ಕೂ 2011ರ ಕೋಲಾರಕ್ಕೂ ಹೋಲಿಕೆ ಮಾಡಬೇಡಿ. 2001ರಲ್ಲಿ ಜಿಲ್ಲೆಯ ಜನ 25 ಲಕ್ಷ ದಾಟಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯ್ತು. ಇದು ಮರೆತು ಲೆಕ್ಕ ಹಾಕಿದರೆ 10 ಲಕ್ಷ ಜನ ಎಲ್ಲಿಗೆ ಹೋದರು ಅಂತ ಹುಡುಕಬೇಕಾಗುತ್ತೆ. ನಾನೇ ಒಮ್ಮೆ ಈ ತಪ್ಪು ಮಾಡಿ ಸಭೆಯಲ್ಲಿ ನಗೆಪಾಟಲಾಗಿದ್ದೆ.)

ಜನಗಣತಿಯ ವೆಬ್‌ಸೈಟಲ್ಲಿ ಹಳ್ಳಿಗೆ ಹಳ್ಳಿ, ಪಟ್ಟಣದಲ್ಲಿ ವಾರ್ಡಿಗೆ ವಾರ್ಡು ಎಸ್‌ಸಿ ಎಷ್ಟು, ಎಸ್‌ಟಿ ಎಷ್ಟು, ಓದಿದವರೆಷ್ಟು, ಕೂಲಿಯವರೆಷ್ಟು ಅಂತ ಪಟ್ಟಿ ಇದೆ. ದುಡ್ಡು ಕೊಡಬೇಕಿಲ್ಲ. ಇನ್ನೊಂದು ಕಡತದಲ್ಲಿ ಆ ಹಳ್ಳಿಗೆ ನಲ್ಲಿ ನೀರಿದೆಯಾ, ಚರಂಡಿ ಇದೆಯಾ, ಶಾಲೆ ಇದೆಯಾ ಅಂತ ಇದೆ. ಹುಡುಗ ತನ್ನೂರಿನ ಸಾಲು ತೆಗೆದು ತೋರಿಸಿದ. ನೀರು: ಇದೆ. ಚರಂಡಿ: ಇದೆ. "ಇದೆ ಅಂತಾರಲ್ಲ ಅಣ್ಣ, ಎಲ್ಲಿದೆ?" ಅಂದ. ಅದೇ ನೋಡಿ ವಿಷಯ. ಓವರ್‌ಹೆಡ್ ಟ್ಯಾಂಕು ಊರಲ್ಲಿದ್ದರೂ 'ಇದೆ'. ಚರಂಡಿ ಊರಬಾಗಿಲಿಗೆ ನಿಂತು, ನೀರು ಕೇರಿ ಕಡೆ ಹರಿದರೂ 'ಇದೆ'. ಊರು ಕೇರಿ ಎರಡಕ್ಕೂ ಸೇರಿ ಒಂದೇ ಉತ್ತರ.

ದುಡ್ಡು ಹರಿಯೋದೂ ಇದೇ ಉತ್ತರದ ಮೇಲೆ. ಪ್ರಧಾನಮಂತ್ರಿ ಆದರ್ಶ ಗ್ರಾಮ ಯೋಜನೆ ಶುರುವಾದಾಗ ಎಸ್‌ಸಿ ಜನ ಶೇ 50 ದಾಟಿದ ಹಳ್ಳಿಗೆ ಅಂತ ಇತ್ತು. ಶೇ 35 ಇದ್ದು, ಆ 35 ಪೂರ್ತಿ ಹಳ್ಳದ ಆಚೆ ದಿನ್ನೆ ಮೇಲಿದ್ದರೆ ಆ ಹಳ್ಳಿ ಲೆಕ್ಕಕ್ಕಿಲ್ಲ. 2013ರ ನಮ್ಮ ರಾಜ್ಯದ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯಲ್ಲಿ 7(ಡಿ) ಅನ್ನೋ ಕಲಂ ಇತ್ತಲ್ಲ, ಎಲ್ಲರಿಗೂ ಆಗುವ ರಸ್ತೆ, ಕಾಮಗಾರಿಯಲ್ಲಿ ಒಂದು ಪಾಲನ್ನು ನಮಗೇ ಖರ್ಚಾದ ಹಾಗೆ ಬರೆದುಕೊಳ್ಳೋದಕ್ಕೆ ದಾರಿ. ಹತ್ತು ವರ್ಷ ಕೂಗಾಡಿದ ಮೇಲೆ 2023ರಲ್ಲಿ ತೆಗೆದರು. ಕಲಂ ಹೋಯ್ತು, ಆದರೆ ರಸ್ತೆ ಕೇರಿವರೆಗೂ ಬಂತಾ ಇಲ್ವಾ ಅಂತ ತೋರಿಸೋ ಕಾಗದ ಈಗಲೂ ನಾವೇ ಹುಡುಕಬೇಕು.

ಹಾಗಾದರೆ ಕೇರಿ ಯಾವ ಸರ್ಕಾರಿ ಕಡತದಲ್ಲಿ ಕಾಣಿಸುತ್ತೆ? ನಮಗೆ ಮೂರು ಕಡೆ ಸಿಕ್ತು.

ಮೊದಲನೇದು ಕುಡಿಯುವ ನೀರಿನ ಇಲಾಖೆಯ ಪಟ್ಟಿ. ಅವರು ಹಳ್ಳಿ ಲೆಕ್ಕ ಬಿಟ್ಟು ಜನವಸತಿ ಲೆಕ್ಕ ಇಡ್ತಾರೆ. ಹಿಂದಿನ ಗ್ರಾಮೀಣ ಕುಡಿಯುವ ನೀರಿನ ಕಾರ್ಯಕ್ರಮದ ಪಟ್ಟಿಯಲ್ಲಿ ಪ್ರತಿ ಜನವಸತಿಯಲ್ಲೂ ಎಸ್‌ಸಿ ಎಷ್ಟು ಜನ ಅಂತ ಬೇರೆ ಕಾಲಂ ಇತ್ತು. ಕೆಲವು ಕೇರಿಗಳು ಅಲ್ಲಿ ಊರಿಂದ ಬೇರೆಯಾಗಿ, ತಮ್ಮದೇ ಹೆಸರಲ್ಲಿ ಇವೆ. ಕೆಲವು ಇಲ್ಲ. ಯಾವುದನ್ನು ಬೇರೆ ಬರೀಬೇಕು ಅಂತ ತೀರ್ಮಾನ ಮಾಡಿದವರು ಯಾರು ಅಂತ ಕೇಳಬೇಡಿ.

ಎರಡನೇದು ಮತದಾರರ ಪಟ್ಟಿ. ಇದನ್ನ ಯಾರೂ ಇತಿಹಾಸದ ದಾಖಲೆ ಅಂತ ನೋಡಲ್ಲ. ಒಂದೊಂದು ಭಾಗದ ಮೊದಲ ಪುಟದಲ್ಲಿ ಆ ಬೂತಿಗೆ ಸೇರಿದ ಬೀದಿಗಳ ಹೆಸರಿರುತ್ತೆ. ಮೇಲುಬೀದಿ, ಗುಡಿಬೀದಿ, ಎ.ಕೆ. ಕಾಲೋನಿ, ಜನತಾ ಕಾಲೋನಿ, ಅಂಬೇಡ್ಕರ್ ನಗರ. ಶ್ರೀನಿವಾಸಪುರ ಕ್ಷೇತ್ರ 144, ಮುಳಬಾಗಿಲು 145, ಕೋಲಾರ 148, ಮಾಲೂರು 149. ಈ ನಾಲ್ಕು ಕ್ಷೇತ್ರದ ಮೊದಲ ಪುಟಗಳನ್ನಷ್ಟೇ ತೆಗೆದು ಬೀದಿ ಹೆಸರು ಬರೆದುಕೊಳ್ತಾ ಹೋದರೆ ನಮ್ಮ ಕೇರಿಗಳ ಪಟ್ಟಿ ತಾನಾಗೇ ತಯಾರಾಗುತ್ತೆ. ಜನಗಣತಿಯವರು ಕೊಡದ ಪಟ್ಟಿ ಅದು.

ಆ ಹೆಸರುಗಳಲ್ಲೇ ನೂರು ವರ್ಷದ ಕಥೆ ಇದೆ. ಹೊಲಗೇರಿ, ಮಾದಿಗರ ಕೇರಿ ಅಂತಿದ್ದದ್ದು ಜನರ ಬಾಯಲ್ಲಿ. ನಮ್ಮ ಕಡೆ ತೆಲುಗು ಜಾಸ್ತಿ, ಅಲ್ಲಿ ವಾಡ ಅಂತಾರೆ. 1920ರ ದಶಕದಲ್ಲಿ ಮೈಸೂರು ಸರ್ಕಾರದ ಕಾಗದಕ್ಕೆ 'ಆದಿ ಕರ್ನಾಟಕ' ಬಂತು, ಅದೇ ಮುಂದೆ ಎ.ಕೆ. ಆಯ್ತು. ಎ.ಕೆ. ಅಂದರೇನು ಅಂತ ಕಾಲೋನಿಯ ಹುಡುಗರನ್ನೇ ಕೇಳಿ ನೋಡಿ, ಅರ್ಧಕ್ಕರ್ಧ ಜನ ಹೇಳಲ್ಲ. ಆಮೇಲೆ ಹರಿಜನ ಕಾಲೋನಿ. ಅರಸು ಕಾಲದಲ್ಲಿ ಮನೆ ನಿವೇಶನ ಬಂದಾಗ ಜನತಾ ಕಾಲೋನಿ. ಸಂಘಟನೆ ಬಂದ ಮೇಲೆ ಅಂಬೇಡ್ಕರ್ ನಗರ. ಒಂದೇ ಕೇರಿಗೆ ನೀರಿನ ಪಟ್ಟಿಯಲ್ಲಿ ಒಂದು ಹೆಸರು, ಮತದಾರರ ಪಟ್ಟಿಯಲ್ಲಿ ಇನ್ನೊಂದು, ಪಂಚಾಯ್ತಿ ಖಾತೆಯಲ್ಲಿ ಮತ್ತೊಂದು. ಕಂಪ್ಯೂಟರಿಗೆ ಹೆಸರು ಕೂಡಿಸಿ ಹೊಂದಿಸು ಅಂದರೆ ಆಗಲ್ಲ. ಊರಿಗೆ ಹೋಗಿ ಅಜ್ಜಿಯರನ್ನ ಕೇಳಬೇಕು.

ಈ ಎ.ಕೆ., ಎ.ಡಿ. ಗೊಂದಲ ಎಷ್ಟು ದೊಡ್ಡದು ಅಂತ ಒಳಮೀಸಲಾತಿ ಹೋರಾಟದಲ್ಲಿ ಇದ್ದವರಿಗೆಲ್ಲ ಗೊತ್ತು. ಎಡಗೈ ಬಲಗೈ ಎರಡೂ ಕಡೆಯವರು ಅದೇ ಹೆಸರಲ್ಲಿ ಪ್ರಮಾಣಪತ್ರ ಮಾಡಿಸಿಕೊಂಡಿರೋದ್ರಿಂದ ಜನಗಣತಿ ಅಂಕಿಯಿಂದ ಯಾರು ಎಷ್ಟು ಅಂತ ತೆಗೆಯೋಕೆ ಆಗಲಿಲ್ಲ. ಕೊನೆಗೆ 2025ರಲ್ಲಿ ನಾಗಮೋಹನ್ ದಾಸ್ ಆಯೋಗ ಮತ್ತೆ ಮನೆ ಮನೆ ಸಮೀಕ್ಷೆ ಮಾಡಬೇಕಾಯ್ತು. ಅದರ ಬಗ್ಗೆ ನನ್ನ ಅಭಿಪ್ರಾಯ ಹಿಂದೆಯೇ ಬರೆದಿದೀನಿ, ಇಲ್ಲಿ ಬೇಡ.

ಮೂರನೇದು ಕಂದಾಯ ಇಲಾಖೆಯ ಗ್ರಾಮ ನಕ್ಷೆ ಮತ್ತು ಪಹಣಿ. ನಮ್ಮ ಹೊಟ್ಟೆಗೆ ಸಂಬಂಧಪಟ್ಟದ್ದು ಇದೇ. ಗ್ರಾಮ ನಕ್ಷೆ ಈಗ ಮನೆಯಲ್ಲೇ ಕೂತು ಇಳಿಸಿಕೊಳ್ಳಬಹುದು. ದಿಶಾಂಕ್ ಆ್ಯಪ್ ಹಾಕ್ಕೊಂಡು ಹೊಲದಲ್ಲಿ ನಿಂತರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಹುಡುಗನ ಊರಿನ ನಕ್ಷೆಯಲ್ಲಿ ಗ್ರಾಮಠಾಣ ಎರಡು ತುಂಡಾಗಿ ಬಿದ್ದಿತ್ತು. ದೊಡ್ಡದು ಊರು. ಕೆರೆ ಕೋಡಿ ದಾಟಿ, ಹೆಸರಿಲ್ಲದ ಒಂದು ಸಣ್ಣ ತುಂಡು. ಅಲ್ಲಿ ಹೋಗಿ ನಿಂತ್ವಿ. ಈಗ ಅಲ್ಲಿ ಮನೆಗಳಿಲ್ಲ, ಜಾಲಿ ಬೆಳೆದಿದೆ. ಒಬ್ಬ ಅಜ್ಜಿ ಹೇಳಿದರು: "ಅದೇ ಕಣಪ್ಪ ಹಳೇ ಕೇರಿ. ಕೆರೆ ತುಂಬಿದಾಗ ನೀರು ಒಳಕ್ಕೆ ಬರೋದು. ನಾನು ಮದುವೆಯಾಗಿ ಬಂದದ್ದು ಅಲ್ಲಿಗೇ." ನಕ್ಷೆಯಲ್ಲಿ ಗೆರೆ, ಅಜ್ಜಿಯ ಬಾಯಲ್ಲಿ ಮದುವೆ. ಎರಡೂ ಕೂಡಿತು.

ಆಮೇಲೆ ಅಜ್ಜಿ ಇನ್ನೊಂದು ಮಾತು ಹೇಳಿದರು. ಕೋಡಿ ಪಕ್ಕದ ಹೊಲ ತೋಟಿ ಮಾನ್ಯಂ, ಅವರ ಮಾವನವರು ಉಳ್ತಿದ್ದದ್ದು. ಪಹಣಿ ತೆಗೆದು ನೋಡಿದರೆ 9ನೇ ಕಾಲಂನಲ್ಲಿ ಬೇರೆಯವರ ಹೆಸರು.

ಇಲ್ಲಿ ದುಡುಕಬಾರದು. ನಾನೂ ಹಿಂದೆ ದುಡುಕಿದೀನಿ, ಅದಕ್ಕೇ ವಿವರವಾಗಿ ಬರೀತೀನಿ. ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ 1961ರದ್ದು, ಜಾರಿಗೆ ಬಂದದ್ದು 1963ರ ಫೆಬ್ರವರಿ 1. ಶಾನುಭೋಗಿಕೆ, ಪಟೇಲಿಕೆ, ತೋಟಿ, ತಳವಾರಿಕೆ, ನೀರಗಂಟಿ ಎಲ್ಲ ವಂಶಪಾರಂಪರ್ಯ ಹುದ್ದೆ ಹೋದವು. ಹುದ್ದೆಗೆ ಕೊಟ್ಟಿದ್ದ ಇನಾಮ್ತಿ ಜಮೀನು ಸರ್ಕಾರಕ್ಕೆ ಸೇರಿ, ಅರ್ಜಿ ಹಾಕಿ ದುಡ್ಡು ಕಟ್ಟಿದವರಿಗೆ ಪುನರ್ ಮಂಜೂರಾಯ್ತು. ಓದು ಬಂದ ಶಾನುಭೋಗರಿಗೆ ಅರ್ಜಿ ಹಾಕೋದು ಕಷ್ಟವಾ? ನಮ್ಮ ತಾತಂದಿರಲ್ಲಿ ಎಷ್ಟು ಜನಕ್ಕೆ ಗೊತ್ತಾಯ್ತು? 1978ರ ತಿದ್ದುಪಡಿಯಲ್ಲಿ ಇಂಥ ಜಮೀನನ್ನ ಆ ತಿದ್ದುಪಡಿ ಜಾರಿಗೆ ಬಂದ ದಿನದಿಂದ 15 ವರ್ಷ ಪರಭಾರೆ ಮಾಡಬಾರದು ಅಂತ ಬಂತು.

ಅದೇ 1978ರ ಪಿಟಿಸಿಎಲ್ ಕಾಯ್ದೆ ನಮಗೆಲ್ಲ ಗೊತ್ತು. ಸರ್ಕಾರ ಎಸ್‌ಸಿ ಎಸ್‌ಟಿ ಜನಕ್ಕೆ ಮಂಜೂರು ಮಾಡಿದ ಭೂಮಿ ಕೈಬಿಟ್ಟಿದ್ದರೆ ವಾಪಸ್ ಕೊಡಿಸುವ ಕಾಯ್ದೆ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಾಲಮಿತಿ ಹೆಸರಲ್ಲಿ ಕೇಸುಗಳು ಬಿದ್ದವು, 2023ರ ತಿದ್ದುಪಡಿಯಲ್ಲಿ ಕಾಲಮಿತಿ ಇಲ್ಲ ಅಂತ ಸೇರಿಸಿದರು. ಆದರೆ ಆ ಕಾಯ್ದೆಯ ವ್ಯಾಖ್ಯಾನ ಓದಿ. ವಂಶಪಾರಂಪರ್ಯ ಹುದ್ದೆಗೆ ಸಂಬಂಧಪಟ್ಟ ಇನಾಮು ಅದರಿಂದ ಹೊರಗೆ. ತೋಟಿ ಮಾನ್ಯಕ್ಕೆ ಪಿಟಿಸಿಎಲ್ ಅರ್ಜಿ ಹಾಕಿದರೆ ಆ ಒಂದೇ ಕಾರಣಕ್ಕೆ ವಜಾ ಆಗಬಹುದು. ದರಖಾಸ್ತಿನಲ್ಲಿ ಬಂದ ಜಮೀನಾ, ಇನಾಮ್ತಿಯಾ? ಜಮೀನು ಹೇಗೆ ಬಂತು ಅಂತ ಹೇಳುವುದು ಪಹಣಿಯ 10ನೇ ಕಾಲಂ, ಋಣ ಹಕ್ಕುಗಳು 11ನೇ ಕಾಲಂನಲ್ಲಿ. ಅಲ್ಲಿರೋ ಮ್ಯುಟೇಷನ್ ನಂಬರ್ ಹಿಡ್ಕೊಂಡು ಹಿಂದಕ್ಕೆ ಹೋಗಬೇಕು. ಭೂಮಿ ತಂತ್ರಾಂಶ ಬಂದದ್ದು 2000ದ ಆಸುಪಾಸು. ಅದಕ್ಕಿಂತ ಹಿಂದಿನದಕ್ಕೆ ತಾಲ್ಲೂಕಿನ ದಾಖಲೆ ಕೊಠಡಿಯ ಕೈಬರಹದ ಪಹಣಿಯೇ ಗತಿ. ನಕಲಿಗೆ ಅರ್ಜಿ ಕೊಟ್ಟು ಬಂದಿದೀವಿ, ಇನ್ನೂ ಕೈಗೆ ಬಂದಿಲ್ಲ. ಅಜ್ಜಿಯ ಮಾತು ಕಾಗದದಲ್ಲಿ ಹೇಗಿದೆ ಅನ್ನೋದು ಬಂದಮೇಲೆ ಗೊತ್ತಾಗಬೇಕು.

ಇದೆಲ್ಲ ಈಗ ಯಾಕೆ ಅಂದರೆ, ನಮ್ಮ ಮಣ್ಣಿಗೆ ರೇಟು ಬಂದಿದೆ. ಬೆಂಗಳೂರು ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರು ಮೇಲೆ ಹೋಗುತ್ತೆ. ನರಸಾಪುರ, ವೇಮಗಲ್, ಮಾಲೂರಲ್ಲಿ ಕೈಗಾರಿಕಾ ಪ್ರದೇಶ. ಹೆಂಚಿನ ಕಾರ್ಖಾನೆಗಳ ಮಾಲೂರು ಈಗ ಲೇಔಟುಗಳ ಮಾಲೂರು. ಹಳ್ಳಿ ಪಟ್ಟಣದ ಹೊಟ್ಟೆಗೆ ಹೋಗುವಾಗ ಊರು 'ನಗರ' ಆಗುತ್ತೆ, ಕೇರಿ ಅದರ ಹಿಂದುಗಡೆ ಗಲ್ಲಿ ಆಗುತ್ತೆ. ಲೇಔಟಿನ ನಕ್ಷೆಯಲ್ಲಿ ಪಾರ್ಕಿಗೂ ಹೆಸರಿರುತ್ತೆ.

ಪಟ್ಟಣದಲ್ಲಿ ಜಾತಿ ಕರಗುತ್ತೆ ಅಂತ ನಂಬಿದವರು ನಾವೂ ಇದೀವಿ. 2011ರಲ್ಲಿ ಕೋಲಾರ ಪಟ್ಟಣದ ಜನ 1 ಲಕ್ಷ 38 ಸಾವಿರ, ಮುಳಬಾಗಿಲು 57 ಸಾವಿರ, ಮಾಲೂರು 40 ಸಾವಿರ, ಶ್ರೀನಿವಾಸಪುರ 26 ಸಾವಿರ ಚಿಲ್ಲರೆ. ವಾರ್ಡಿನ ಪಟ್ಟಿ ನೋಡಿದರೆ ಎಲ್ಲ ಕಡೆ ಎಲ್ಲರೂ ಇರೋ ಹಾಗೆ ಕಾಣಬಹುದು. ಒಂದು ವಾರ್ಡಲ್ಲಿ ನೂರು ಮನೆ, ಮೂವತ್ತು ನಮ್ಮವು ಅಂದುಕೊಳ್ಳಿ. ಆ ಮೂವತ್ತು ಎಲ್ಲ ಬೀದಿಯಲ್ಲಿ ಹರಡಿದ್ದರೂ ಶೇ 30, ಮೋರಿ ಪಕ್ಕದ ಒಂದೇ ಸಾಲಲ್ಲಿದ್ದರೂ ಶೇ 30. ನವೀನ್ ಭಾರತಿ, ದೀಪಕ್ ಮಲ್ಘಾನ್, ಅಂದಲೀಬ್ ರಹಮಾನ್ ಅನ್ನೋ ಸಂಶೋಧಕರು 2018ರಲ್ಲಿ ಇದನ್ನೇ ಹಿಡಿದರು. ಬೆಂಗಳೂರು, ಚೆನ್ನೈ, ದೆಹಲಿ, ಕೋಲ್ಕತ್ತ, ಮುಂಬೈಗಳಲ್ಲಿ ವಾರ್ಡು ಬಿಟ್ಟು ಗಣತಿ ಬ್ಲಾಕಿನ ಅಂಕಿ ತೆಗೆದುಕೊಂಡು ನೋಡಿದರೆ, ವಾರ್ಡು ವಾರ್ಡುಗಳ ನಡುವಿನ ಅಂತರಕ್ಕಿಂತ ಒಂದೇ ವಾರ್ಡಿನೊಳಗಿನ ಅಂತರ ಜಾಸ್ತಿ. ಬ್ಲಾಕು ಅಂದರೆ ಒಬ್ಬ ಗಣತಿದಾರ ಸುತ್ತುವಷ್ಟು ಜಾಗ, ಆರುನೂರು ಚಿಲ್ಲರೆ ಜನ. ಆಮೇಲೆ ಇಡೀ ದೇಶದ 15 ಲಕ್ಷ ಬಡಾವಣೆಗಳ ಅಂಕಿ ಇಟ್ಟುಕೊಂಡು ಇನ್ನೊಂದು ತಂಡ ನೋಡಿತು. ದಲಿತರು, ಮುಸ್ಲಿಮರು ಹೆಚ್ಚಿರೋ ಬಡಾವಣೆಗೆ ಶಾಲೆ, ಆಸ್ಪತ್ರೆ ಕಡಿಮೆ. ಮೇಲಿನ ಮಟ್ಟದ ಅಂಕಿಯಲ್ಲಿ ಈ ವ್ಯತ್ಯಾಸ ಸರಿಯಾಗಿ ಕಾಣೋದೇ ಇಲ್ಲ. ನಮಗೆ ಗೊತ್ತಿದ್ದದ್ದೇ ಬಿಡಿ, ಆದರೆ ಅಧಿಕಾರಿ ಮೇಜಿನ ಮೇಲೆ ಇಡೋಕೆ ಒಂದು ಕಾಗದ ಆಯ್ತು. ಆ ಬ್ಲಾಕಿನ ಅಂಕಿಯನ್ನ ಜನಗಣತಿಯವರು ನಮಗೆ ನಿಮಗೆ ವೆಬ್‌ಸೈಟಲ್ಲಿ ಕೊಡಲ್ಲ. ಬೂತಿನ ಬೀದಿ ಪಟ್ಟಿ ನಮ್ಮಂಥವರ ಬ್ಲಾಕು.

ಅಂಕಿಯ ಹುಚ್ಚು ಹಿಡಿದವರಿಗೂ ಒಂದು ಮಾತು ಹೇಳಬೇಕು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನ ಜೀವಂತ ಸುಟ್ಟರು. ಚಿಂತಾಮಣಿ ತಾಲ್ಲೂಕು, ಆಗ ಕೋಲಾರ ಜಿಲ್ಲೆ. 2006ರಲ್ಲಿ ವಿಚಾರಣಾ ನ್ಯಾಯಾಲಯ ಎಲ್ಲ ಆರೋಪಿಗಳನ್ನ ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಮರುವರ್ಷ, 2001ರಲ್ಲಿ, ಜನಗಣತಿ ಬಂತು. ಕಂಬಾಲಪಲ್ಲಿಯೂ ಒಂದು ಸಾಲು ಆಯ್ತು, ಇಷ್ಟು ಮನೆ, ಇಷ್ಟು ಜನ. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಅಂತ ನಮ್ಮ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಆ ಊರಿನ ಸಾಲಲ್ಲೂ ಇದು ಕಾಣಲ್ಲ. ಅಂಕಿ ಇಲ್ಲ ಅಂದ ಮಾತ್ರಕ್ಕೆ ಏನೂ ನಡೆದಿಲ್ಲ ಅಂತ ಹೇಳೋ ವಿದ್ವಾಂಸರು ಬಂದಾರು, ಹುಷಾರು.

ಇನ್ನೂ ಒಂದು ಹುಷಾರು. ಮತದಾರರ ಪಟ್ಟಿ, ಪಹಣಿ ಎರಡರಲ್ಲೂ ಜನರ ಹೆಸರಿದೆ. ಅದನ್ನ ಫೋಟೋ ತೆಗೆದು ಇಲ್ಲಿ ಹಾಕಬೇಡಿ. ಬೀದಿ ಹೆಸರು ಸಾಕು. ಅಮೆರಿಕದಲ್ಲಿ 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆ ನಗರಗಳ ನಕ್ಷೆ ಮಾಡಿ ಕರಿಯರು ಇರೋ ಬಡಾವಣೆಗೆ ಕೆಂಪು ಬಳಿಯಿತು, ಸಾಲ ಕೊಡೋದು ಅಪಾಯ ಅಂತ. ಅದೇ ದೇಶದಲ್ಲಿ ಅದಕ್ಕೂ ಮುಂಚೆ, 1896-97ರಲ್ಲಿ, ಡುಬೊಯ್ಸ್ ಅನ್ನೋ ಕರಿಯ ವಿದ್ವಾಂಸರು ಫಿಲಡೆಲ್ಫಿಯಾದ ಏಳನೇ ವಾರ್ಡಲ್ಲಿ ಮನೆ ಮನೆ ತಿರುಗಿ, ಪ್ರತಿ ಮನೆಯ ಸ್ಥಿತಿಗತಿ ಬರೆದು, ನಕ್ಷೆ ಮಾಡಿ 1899ರಲ್ಲಿ ಪುಸ್ತಕ ತಂದರು. ಎರಡೂ ಬಡಾವಣೆ ನಕ್ಷೆಯೇ. ಬಾಬಾಸಾಹೇಬರು 1946ರಲ್ಲಿ ಡುಬೊಯ್ಸ್ ಅವರಿಗೆ ಪತ್ರ ಬರೆದಿದ್ದರು ಅನ್ನೋದು ನೆನಪಿರಲಿ. 1942ರ ನಾಗಪುರ ಸಮ್ಮೇಳನದಲ್ಲಿ ದಲಿತರಿಗೆ ಪ್ರತ್ಯೇಕ ಹಳ್ಳಿ ಬೇಕು ಅಂತ ನಿರ್ಣಯ ಆದಾಗ, 1947ರಲ್ಲಿ ಅದಕ್ಕೆ ವಸಾಹತು ಆಯೋಗ ಬೇಕು ಅಂತ ಅವರು ಬರೆದಾಗ, ಮುಂದೆ ಇಟ್ಟ ಪ್ರಶ್ನೆ ಇದೇ. ನಾವು ಎಲ್ಲಿ ಇದ್ದೀವಿ, ಯಾರ ಜಾಗದಲ್ಲಿ ಇದ್ದೀವಿ.

ಈಗ ಕೆಲಸದ ವಿಷಯ. ಮುಂದಿನ ಜನಗಣತಿ 2027ರದ್ದು. ಮನೆಪಟ್ಟಿ ಮೊದಲು, ಜನರ ಎಣಿಕೆ 2027ರ ಫೆಬ್ರವರಿಯಲ್ಲಿ, ಜಾತಿಯನ್ನೂ ಕೇಳ್ತಾರೆ. ಎಣಿಕೆಯ ಬ್ಲಾಕು ಮಾಡುವಾಗ, ನಜರಿ ನಕ್ಷೆ ಬರೆಯುವಾಗ ಕೇರಿಗೆ ಯಾವ ಹೆಸರು ಬೀಳುತ್ತೆ, ಊರಿನ ಜೊತೆ ಕಲಸಿ ಹೋಗುತ್ತಾ ಅನ್ನೋದರ ಮೇಲೆ ಕಣ್ಣಿಡಬೇಕು. ನಿಮ್ಮ ಬೂತಿನ ಮೊದಲ ಪುಟದ ಬೀದಿ ಹೆಸರು, ಆ ಕೇರಿಗೆ ಹಿರಿಯರು ಕರೆಯೋ ಹೆಸರು, ಗ್ರಾಮ ನಕ್ಷೆಯಲ್ಲಿ ಅದು ಬೀಳೋ ಸರ್ವೆ ನಂಬರ್. ಈ ಮೂರನ್ನ ಒಂದು ಹಾಳೆಯಲ್ಲಿ ಬರೆದು ನನಗೆ ಇನ್‌ಬಾಕ್ಸಿಗೆ ಕಳಿಸಿ. ವ್ಯಕ್ತಿಗಳ ಹೆಸರು ಬೇಡ. ಶ್ರೀನಿವಾಸಪುರದ್ದು ನಾನು ಶುರು ಮಾಡಿದೀನಿ. ಮಾಲೂರಿನದ್ದು ಒಂದೂ ಬಂದಿಲ್ಲ, ಮಾಲೂರಿನವರು ಎಲ್ಲಿದೀರಪ್ಪ?

ಹುಡುಗನ ಕೇರಿಗೆ ಮತ್ತೆ ಹೋಗಿದ್ವಿ. ಓಪನ್ ಸ್ಟ್ರೀಟ್ ಮ್ಯಾಪ್ ಅಂತ ಒಂದಿದೆ, ಅದರಲ್ಲಿ ಯಾರು ಬೇಕಾದರೂ ಹೆಸರು ಸೇರಿಸಬಹುದು, ಹಳೇ ಹೆಸರಿಗೂ ಬೇರೆ ಜಾಗ ಇದೆ. ಅವನು ಫೋನ್ ತೆಗೆದು ಕೂತ. ಅಂಬೇಡ್ಕರ್ ನಗರ ಅಂತ ಹಾಕು ಅಂದರು ಸಂಘದವರು. ಪಂಚಾಯ್ತಿಯಲ್ಲಿ ಜನತಾ ಕಾಲೋನಿ ಅಂತಿದೆ, ಬಿಲ್ಲು ಅದೇ ಹೆಸರಿಗೆ ಬರೋದು, ತಲೆಕೆಳಗಾಗುತ್ತೆ ಅಂದರು ಇನ್ನೊಬ್ಬರು. ಅಜ್ಜಿ ಮಾತ್ರ, "ಕೋಡಿ ಆಚೆಗೆ ಇದ್ದದ್ದು ಕೋಡಿಕೇರಿ. ಅದನ್ನ ಬರೀದೆ ಇದ್ದರೆ ನಾವು ಅಲ್ಲಿಂದ ಬಂದ್ವಿ ಅಂತ ಯಾರಿಗೆ ಗೊತ್ತಾಗುತ್ತೆ?" ಅಂದರು. ಜೋರು ಮಾತಾಯ್ತು. ಹುಡುಗ ಫೋನ್ ಜೇಬಿಗಿಟ್ಟ. ಬರೋ ಭಾನುವಾರ ಅರಳಿಕಟ್ಟೆ ಹತ್ತಿರ ಎಲ್ಲರೂ ಕೂತು ತೀರ್ಮಾನ ಮಾಡೋದು ಅಂತ ಆಗಿದೆ, ನಾನೂ ಹೋಗ್ತಿದೀನಿ.